ಹೆದರಿಸುವ ಮನೆಗೂ ಹೊರಬಾಗಿಲು ಇರಲಿ

ಸಂಪಾದಕರಿಗೆ,

ಮಾನ್ಯರೇ,

ಅಕ್ಟೋಬರ್ ತಿಂಗಳು ಹತ್ತಿರವಾಗುತ್ತಿದ್ದಂತೆ ಥೀಮ್ ಪಾರ್ಕ್‌ಗಳ ಹ್ಯಾಲೋವೀನ್ ಜಾಹೀರಾತುಗಳು ಮತ್ತೆ ಮೊಬೈಲ್‌ಗಳಲ್ಲಿ ಕಾಣಿಸತೊಡಗಿವೆ. ಹಲ್ಲು ಕಿರಿದ ಕುಂಬಳಕಾಯಿ, ರಕ್ತದ ಬಣ್ಣ ಬಳಿದ ಮುಖವಾಡ, ಧೈರ್ಯವಿದ್ದವರು ಬನ್ನಿ ಎಂಬ ಕರೆ, ಅದರ ಕೆಳಗೇ ಕುಟುಂಬದವರೆಲ್ಲ ಒಟ್ಟಿಗೆ ಬಂದರೆ ಟಿಕೆಟ್‌ನಲ್ಲಿ ರಿಯಾಯಿತಿ. ಕಳೆದ ವರ್ಷ ಇಂಥದೇ ಒಂದು ಜಾಹೀರಾತು ನೋಡಿ ಮಗಳು, ಅಳಿಯ, ಹದಿನಾಲ್ಕು ವರ್ಷದ ಮೊಮ್ಮಗಳು, ಆರು ವರ್ಷದ ಮೊಮ್ಮಗ ಮತ್ತು ನಾನು ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ನಮ್ಮ ರಾಜ್ಯದ್ದೇ ಒಂದು ಥೀಮ್ ಪಾರ್ಕ್‌ಗೆ ಹೋಗಿದ್ದೆವು. ಅಲ್ಲಿ ನಡೆದುದನ್ನು ಒಂದು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಈ ಸಲದ ಜಾಹೀರಾತುಗಳನ್ನು ಕಂಡ ಮೇಲೆ ಬರೆಯದೆ ಇರಲಾಗಲಿಲ್ಲ.

ಹ್ಯಾಲೋವೀನ್ ನಮ್ಮ ಹಬ್ಬವಲ್ಲ, ಅದನ್ನು ಇಲ್ಲಿ ಮಾಡಬಾರದು ಎಂದು ವಾದಿಸಲು ಈ ಪತ್ರ ಬರೆಯುತ್ತಿಲ್ಲ. ಕ್ರೈಸ್ತರು ನವೆಂಬರ್ 1ರಂದು ಆಚರಿಸುವ ಸಕಲ ಸಂತರ ದಿನದ ಹಿಂದಿನ ರಾತ್ರಿ ಅದು. ಐರ್ಲೆಂಡ್‌ನಿಂದ ಅಮೆರಿಕಕ್ಕೆ ವಲಸೆ ಹೋದವರು ಜೊತೆಗೆ ಕೊಂಡೊಯ್ದದ್ದು. ಊರಿನಲ್ಲಿ ಗೆಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದವರಿಗೆ ಅಲ್ಲಿ ದೊಡ್ಡ ದೊಡ್ಡ ಕುಂಬಳಕಾಯಿ ಸಿಕ್ಕವು. ಕುಂಬಳಕಾಯಿಗೂ ಕೆಟ್ಟದ್ದನ್ನು ದೂರವಿಡುವ ನಂಬಿಕೆಗೂ ಇರುವ ನಂಟನ್ನು ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ಕುಂಕುಮ ತುಂಬಿ ವಾಹನದ ಮುಂದೆ ಒಡೆಯುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸತ್ತವರನ್ನು ನೆನೆಯುವ ಮಹಾಲಯ ಅಮಾವಾಸ್ಯೆ, ಮನೆಮನೆಗೆ ಬುಟ್ಟಿಯಲ್ಲಿ ಬಂದು ಕಾಳುಕಡಿ ಪಡೆದು ಹೋಗುವ ಜೋಕುಮಾರ, ದೀಪಾವಳಿಯ ರಾತ್ರಿ ತಾಂಡಾದ ಹೆಣ್ಣುಮಕ್ಕಳು ದೀಪ ಹಿಡಿದು ಮನೆಯಿಂದ ಮನೆಗೆ ಹೋಗುವ ಮೇರಾ, ಇವೆಲ್ಲ ಇದೇ ಆಸುಪಾಸಿನ ತಿಂಗಳುಗಳಲ್ಲಿ ನಮ್ಮಲ್ಲಿ ಇರುವಂಥವು. ಆದ್ದರಿಂದ ಮೊಮ್ಮಕ್ಕಳು ಹ್ಯಾಲೋವೀನ್ ನೋಡಬೇಕು ಎಂದಾಗ ನನಗೆ ಬೇಡವೆನಿಸಲಿಲ್ಲ, ನಾನೂ ಕುತೂಹಲದಿಂದಲೇ ಹೋದೆ.

ಪಾರ್ಕ್‌ನ ಹಗಲಿನ ಆಟಗಳ ವಿಷಯದಲ್ಲಿ ದೂರಲು ಏನೂ ಇಲ್ಲ. ಎತ್ತರಕ್ಕೆ ಏರಿ ಬೀಳುವ ಒಂದು ಸವಾರಿಯ ಮುಂದೆ ಗೆರೆ ಎಳೆದ ಹಲಗೆಯೊಂದನ್ನು ನಿಲ್ಲಿಸಿದ್ದರು. ಅಲ್ಲಿನ ಹುಡುಗಿ ನನ್ನ ಮೊಮ್ಮಗನ ಬೂಟು ಬಿಚ್ಚಿಸಿ, ಬೆನ್ನು ಹಲಗೆಗೆ ತಾಗಿಸಿ ನಿಲ್ಲಿಸಿ, ತಲೆ ಗೆರೆಯನ್ನು ಮುಟ್ಟುವುದಿಲ್ಲ ಎಂದು ತೋರಿಸಿ ವಾಪಸ್ ಕಳುಹಿಸಿದಳು. ಅವನು ಅತ್ತರೂ ಜಗ್ಗಲಿಲ್ಲ. ಆಗ ಅವಳ ಮೇಲೆ ನನಗೆ ಗೌರವ ಮೂಡಿತು. ಸಂಜೆ ಆರೂವರೆಗೆ, ಅಲ್ಲಿಂದ ನೂರು ಹೆಜ್ಜೆ ದೂರದಲ್ಲಿ, ಹ್ಯಾಲೋವೀನ್‌ಗಾಗಿಯೇ ಕಟ್ಟಿದ್ದ ದೆವ್ವದ ಮನೆಯ ಸಾಲಿನಲ್ಲಿ ನಾವು ನಿಂತಾಗ ಅದೇ ಹುಡುಗನ ವಯಸ್ಸನ್ನು ಯಾರೂ ಕೇಳಲಿಲ್ಲ. ಮುಂಗೈಗೆ ಕಟ್ಟಿದ್ದ ಕಾಗದದ ಪಟ್ಟಿ ನೋಡಿ ಒಳಗೆ ಬಿಟ್ಟರು. ಎಚ್ಚರಿಕೆಯ ಫಲಕ ಇತ್ತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೊರಗೆ ಬಂದ ಮೇಲೆ ಹುಡುಕಿ ನೋಡಿದೆ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು, ಸಣ್ಣ ಅಕ್ಷರದಲ್ಲಿತ್ತು, ಹೊಗೆ ಬಿಡುವ ಯಂತ್ರದ ಹಿಂದೆ ಇತ್ತು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಈಗ ಕಾನೂನೇ ಇದೆ, ಆ ಪಾರ್ಕ್‌ನ ಹೆಬ್ಬಾಗಿಲಿನ ಮೇಲೂ ಕನ್ನಡ ದೊಡ್ಡದಾಗಿಯೇ ಇತ್ತು. ಓದಲೇಬೇಕಾದ ಮಾತು ಮಾತ್ರ ಕನ್ನಡದಲ್ಲಿರಲಿಲ್ಲ.

ಒಳಗೆ ಎರಡು ಜನ ಜೊತೆಯಾಗಿ ನಡೆಯಲಾಗದಷ್ಟು ಕಿರಿದಾದ ದಾರಿ. ಗೋಡೆಗೆಲ್ಲ ಕಪ್ಪು ಬಟ್ಟೆ. ಮೇಲಿನಿಂದ ಇಳಿಬಿಟ್ಟ ರಬ್ಬರ್ ಪಟ್ಟಿಗಳು ಮುಖಕ್ಕೆ ತಣ್ಣಗೆ ತಾಗುತ್ತಿದ್ದವು. ಮೊದಲ ಎರಡು ಕೋಣೆಗಳಲ್ಲಿ ಮೊಮ್ಮಗ ನಗುತ್ತಲೇ ಇದ್ದ. ಮೂರನೆಯದರಲ್ಲಿ ಬಿಳಿ ಬೆಳಕು ಫಕಫಕನೆ ಹೊಡೆದು ಆರಿ, ಮಗ್ಗುಲಲ್ಲೇ ಸರಪಳಿ ಎಳೆದ ಸದ್ದಾಗಿ, ಗೋಡೆಯಿಂದ ಒಂದು ಮುಖ ಹೊರಗೆ ಬಂತು. ಹುಡುಗ ಕಿರುಚಲಿಲ್ಲ. ನನ್ನ ಸೀರೆಯ ನಿರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಕುಳಿತುಬಿಟ್ಟ. ಮೂವತ್ತೊಂದು ವರ್ಷ ಒಂದನೇ, ಎರಡನೇ ತರಗತಿಯ ಮಕ್ಕಳ ಜೊತೆ ಕಳೆದವಳು ನಾನು. ಅಳುವ ಮಗುವನ್ನು ಸಮಾಧಾನ ಮಾಡಬಹುದು, ಹಾಗೆ ಸದ್ದಿಲ್ಲದೆ ಕುಸಿದ ಮಗುವನ್ನು ಮೊದಲು ಆ ಜಾಗದಿಂದ ಹೊರಗೆ ಒಯ್ಯಬೇಕು ಎಂಬುದು ನನಗೆ ಗೊತ್ತು. ಆದರೆ ಒಯ್ಯುವುದು ಎಲ್ಲಿಗೆ? ಹಿಂದಿನಿಂದ ಜನ ನಗುತ್ತಾ ಕೂಗುತ್ತಾ ತಳ್ಳುತ್ತಿದ್ದರು. ಮಗಳು, ಅಳಿಯ ಮುಂದೆ ಸಾಗಿ ಹೋಗಿದ್ದರು. ಸಿನಿಮಾ ಮಂದಿರದಲ್ಲಿ ಬಾಗಿಲ ಮೇಲೆ ಉರಿಯುವಂಥ ಒಂದು ದೀಪವೂ ಕಾಣಲಿಲ್ಲ. ಅವನು ಮಾತ್ರ, “ಅಜ್ಜಿ, ಮನಿಗೆ ಹೋಗೂಣು ನಡಿ” ಎಂದು ಪಿಸುಗುಟ್ಟುತ್ತಲೇ ಇದ್ದ.

ಕೊನೆಗೆ ನೆರವಿಗೆ ಬಂದವನು ಆ ದೆವ್ವವೇ. ಮುಖವಾಡವನ್ನು ಹಣೆಯ ಮೇಲಕ್ಕೆ ಸರಿಸಿದಾಗ ಕಂಡದ್ದು ಇಪ್ಪತ್ತು ದಾಟಿರದ, ಬೆವರಿನಲ್ಲಿ ತೊಯ್ದ ಒಬ್ಬ ಹುಡುಗ. ನಮ್ಮ ಮಾತು ಕೇಳಿಯೇ ಯಾವ ಕಡೆಯವರೆಂದು ಗುರುತು ಹಿಡಿದಿದ್ದ, ಅವನೂ ಬ್ಯಾಡಗಿಯ ಕಡೆಯವನು. “ಅಮ್ಮಾರ, ಹಿಂದಕ ಹೋಗಾಕ ಬರೂದಿಲ್ರಿ, ಮಂದಿ ಬರಾಕತ್ತಾರ. ಮುಂದ ಇನ್ನೂ ನಾಕ ಖೋಲಿ ಅದಾವು, ನಾ ಕರಕೊಂಡ ಹೋಗ್ತೀನಿ ಬರ್ರಿ” ಎಂದು ಮೊಮ್ಮಗನನ್ನು ಎತ್ತಿಕೊಂಡು, ತನ್ನ ಮೊಬೈಲಿನ ಬೆಳಕು ಹಾಕಿ, ಮುಂದಿನ ಪ್ರತಿ ಕೋಣೆಯಲ್ಲೂ ಅಡಗಿದ್ದ ಗೆಳೆಯನಿಗೆ ಸುಮ್ಮನಿರಲು ಕೂಗಿ ಹೇಳುತ್ತಾ ನಮ್ಮನ್ನು ಹೊರಗೆ ಬಿಟ್ಟ. ಸಂಜೆಯಿಂದ ತಾನು ಹೀಗೆ ಹೊರಗೆ ತಂದ ಮಗು ಇದು ಮೂರನೆಯದು ಎಂದ. ಹೆದರಿದ ಗಂಡಸರು ಕತ್ತಲಲ್ಲಿ ಕೈ ಬೀಸುತ್ತಾರೆಂದು ಕೆನ್ನೆಯ ಮೇಲಿನ ಬಾವು ತೋರಿಸಿದ. ನೀರು ಕುಡಿಯಲೂ ಸರದಿ ಬರುವವರೆಗೆ ಕಾಯಬೇಕಂತೆ. ಬೆಂಚಿನ ಮೇಲೆ ಕೂಡಿಸಿದ ಮೊಮ್ಮಗನ ಕೈಗೆ ಮುಖವಾಡ ಕೊಟ್ಟು, ಒಳಗಿನ ಸ್ಪಂಜನ್ನು ಮುಟ್ಟಿ ನೋಡಲು ಹೇಳಿ ಓಡಿ ಹೋದ ಆ ಹುಡುಗ ತನ್ನ ಕೆಲಸದ ವೇಳೆಯಲ್ಲಿ ಮಾಡಿದ್ದು ಅವನಿಗೆ ಒಪ್ಪಿಸಿದ ಕೆಲಸವಾಗಿರಲಿಲ್ಲ. ಅದು ಯಾರಿಗೂ ಒಪ್ಪಿಸಿದ ಕೆಲಸವಾಗಿರಲಿಲ್ಲ ಎಂಬುದೇ ನನ್ನ ದೂರು.

ಊರಿಗೆ ಬಂದ ಮೇಲೆ ಎರಡು ವಾರ ಮೊಮ್ಮಗ ಒಬ್ಬನೇ ಬಚ್ಚಲಿಗೆ ಹೋಗಲಿಲ್ಲ. ರಾತ್ರಿ ದೀಪ ಆರಿಸಲು ಬಿಡಲಿಲ್ಲ. ಅದೇ ಮನೆಗೆ ಮೊಮ್ಮಗಳು ಎರಡು ಸಲ ಹೋಗಿ ಬಂದಳು, ಗಂಟಲು ಹರಿಯುವಂತೆ ಕೂಗಿದಳು, ಈಗಲೂ ಗೆಳತಿಯರಿಗೆ ಕಣ್ಣರಳಿಸಿ ಹೇಳುತ್ತಾಳೆ. ಅವಳಿಗೆ ಸಿಕ್ಕ ಸಂತೋಷ ನಿಜವಾದದ್ದು, ಅದನ್ನು ಅವಳಿಂದ ಯಾರೂ ಕಿತ್ತುಕೊಳ್ಳಬಾರದು. ಇದು ಆಟ ಎಂದು ಒಳಗೊಳಗೇ ಗೊತ್ತಿದ್ದವರಿಗೆ ಎದೆ ಹೊಡೆದುಕೊಳ್ಳುವುದೂ ಸುಖವೇ. ಆರು ವರ್ಷದವನಿಗೆ ಹಗಲಿನಲ್ಲಿ, ಮನೆಯ ಪಡಸಾಲೆಯಲ್ಲಿ ಅದು ಗೊತ್ತಿರುತ್ತದೆ. ಕತ್ತಲಲ್ಲಿ ಗೋಡೆಯೇ ಬಾಯಿ ತೆರೆದಾಗ ಗೊತ್ತಿರುವುದಿಲ್ಲ.

ಕುಂದಗೋಳ ತಾಲ್ಲೂಕಿನ ನಮ್ಮೂರಿನಲ್ಲಿ ಸುಗ್ಗಿ ಮುಗಿದ ಮೇಲೆ ದೊಡ್ಡಾಟ ಆಡುತ್ತಿದ್ದರು. ರಾತ್ರಿ ಎಷ್ಟೋ ಹೊತ್ತಾದ ಮೇಲೆ ರಾಕ್ಷಸನ ವೇಷ ಕೇಕೆ ಹಾಕುತ್ತಾ ರಂಗಕ್ಕೆ ನುಗ್ಗುತ್ತಿತ್ತು. ಭುಜಕೀರ್ತಿಯ ಮಿಂಚು, ಕಿವಿಗಡಚಿಕ್ಕುವ ಮದ್ದಳೆ ತಾಳ, ಹಲಗೆಯ ರಂಗವೇ ಮುರಿದು ಬೀಳುವಂಥ ಹೆಜ್ಜೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾವೆಲ್ಲ ಎದ್ದು ಹಿಂದೆ ಓಡಿ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಸೆರಗಿನ ಸಂದಿಯಿಂದ ಒಂದು ಕಣ್ಣು ಬಿಟ್ಟು ನೋಡುತ್ತಿದ್ದೆವು, ಮತ್ತೆ ಸ್ವಲ್ಪ ಹೊತ್ತಿಗೆ ನಾಲ್ಕು ಹೆಜ್ಜೆ ಮುಂದೆ ಬಂದು ಕುಳಿತುಕೊಳ್ಳುತ್ತಿದ್ದೆವು. ಊರಿಗೆ ಹಗಲುವೇಷದವರು ಬಂದಾಗಲೂ ಅಷ್ಟೇ, ಓಣಿಯ ತುದಿಯವರೆಗೆ ಬೆನ್ನು ಹತ್ತಿ ಹೋಗುವುದು, ಅವರು ತಿರುಗಿ ನೋಡಿದರೆ ಮನೆಯ ಕಟ್ಟೆ ಹತ್ತಿ ನಿಲ್ಲುವುದು. ಎಷ್ಟು ಹತ್ತಿರ ಹೋಗಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದು ಮಗುವಿನ ಕಾಲಿನಲ್ಲೇ ಇತ್ತು. ಹೆದರಿಸಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಹೆದರಿದವರಿಗೆ ಹಿಂದೆ ಸರಿಯಲು ಜಾಗವಿಲ್ಲದ ಹಾಗೆ ಕಟ್ಟಿದ್ದಕ್ಕೆ ಇದೆ.

ಈ ವ್ಯವಹಾರವನ್ನು ಮೊದಲು ಆರಂಭಿಸಿದ ದೇಶದಲ್ಲಿ ಇದನ್ನು ಹೇಗೆ ನಡೆಸುತ್ತಾರೆಂದು ಬಂದ ಮೇಲೆ ಓದಿಕೊಂಡೆ. ಕ್ಯಾಲಿಫೋರ್ನಿಯಾದ ನಾಟ್ಸ್ ಬೆರಿ ಫಾರ್ಮ್ 1973ರಲ್ಲಿ ಹ್ಯಾಲೋವೀನ್ ರಾತ್ರಿಗಳನ್ನು ಶುರು ಮಾಡಿತು. ಫ್ಲೋರಿಡಾದ ಯೂನಿವರ್ಸಲ್ ಸ್ಟುಡಿಯೋಸ್ 1991ರಲ್ಲಿ. ಎರಡು ಕಡೆಯೂ ಹೆದರಿಸುವ ಕಾರ್ಯಕ್ರಮ ರಾತ್ರಿಯದು, ಅದಕ್ಕೆ ಟಿಕೆಟ್ ಬೇರೆ, 13 ವರ್ಷದೊಳಗಿನವರಿಗೆ ಇದು ತಕ್ಕುದಲ್ಲ ಎಂಬ ಸೂಚನೆ ಟಿಕೆಟ್ ಕೊಳ್ಳುವಾಗಲೇ ಕಣ್ಣಿಗೆ ಬೀಳುತ್ತದೆ. ಚಿಕ್ಕ ಮಕ್ಕಳಿಗೆಂದು ಅದೇ ಫ್ಲೋರಿಡಾದ ಡಿಸ್ನಿ ಪಾರ್ಕ್ 1995ರಿಂದ ಹೆಚ್ಚು ಹೆದರಿಸದ ಪ್ರತ್ಯೇಕ ಸಂಜೆಗಳನ್ನು ನಡೆಸುತ್ತಿದೆ, ಅಲ್ಲಿ ವೇಷ ಹಾಕಿಕೊಂಡು ಮಿಠಾಯಿ ಕೇಳುತ್ತಾ ತಿರುಗುವುದೇ ಮುಖ್ಯ. ಮುಖವಾಡ, ಹೊಗೆ, ಕುಂಬಳಕಾಯಿಗಳನ್ನು ನಮ್ಮವರು ಅಲ್ಲಿಂದ ತಂದರು. ಈ ವಿಂಗಡಣೆಯನ್ನೂ ತಂದಿದ್ದರೆ ಖರ್ಚೇನೂ ಹೆಚ್ಚಾಗುತ್ತಿರಲಿಲ್ಲ.

ಮಗುವಿನ ಅಂಜಿಕೆಗಿಂತ ದೊಡ್ಡದಾದ ಇನ್ನೊಂದು ಮಾತಿದೆ, ಅದನ್ನು ಬರೆಯುವಾಗ ನನಗೇ ಅಂಜಿಕೆಯಾಗುತ್ತದೆ. 1984ರ ಮೇ 11ರಂದು ಅಮೆರಿಕದ ನ್ಯೂಜೆರ್ಸಿಯ ಥೀಮ್ ಪಾರ್ಕ್ ಒಂದರ ದೆವ್ವದ ಮನೆಗೆ ಬೆಂಕಿ ಬಿದ್ದು ಎಂಟು ಜನ ಹದಿಹರೆಯದವರು ಒಳಗೇ ಸತ್ತರು. ಲಾರಿಯ ಟ್ರೇಲರ್‌ಗಳನ್ನು ಜೋಡಿಸಿ ಮಾಡಿದ್ದ ಕಟ್ಟಡ, ಒಳಗೆ ಬೇಗ ಹೊತ್ತಿಕೊಳ್ಳುವ ಫೋಮ್, ಕತ್ತಲು, ಅಂಕುಡೊಂಕಾದ ದಾರಿ, ನೀರು ಸಿಂಪಡಿಸುವ ವ್ಯವಸ್ಥೆ ಇಲ್ಲ. ಅಲ್ಲಿಂದೀಚೆಗೆ ಆ ದೇಶದಲ್ಲಿ ಇಂಥ ಕಟ್ಟಡಗಳಿಗೆಂದೇ ಕಟ್ಟುನಿಟ್ಟಿನ ಅಗ್ನಿಸುರಕ್ಷತಾ ನಿಯಮಗಳು ಬಂದವು. ದೂರದ ಮಾತೇಕೆ, 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ 27 ಜನ ಸುಟ್ಟುಹೋದರು, ಅವರಲ್ಲಿ ಮಕ್ಕಳೂ ಇದ್ದರು. ಅದಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲ. ಒಳಗಿದ್ದವರಿಗೆ ಹೊರಬೀಳುವ ದಾರಿ ತಕ್ಷಣ ಸಿಗಬೇಕಾದ ಕಟ್ಟಡವೊಂದಿದ್ದರೆ ಅದು ದಾರಿ ತಪ್ಪಿಸಲೆಂದೇ ಕಟ್ಟಿದ ಈ ಕಟ್ಟಡ. ಇಲ್ಲಿ ನಿಜವಾದ ಹೊಗೆ ಬಂದರೂ ಜನ ಆಟದ ಹೊಗೆ ಎಂದುಕೊಳ್ಳುತ್ತಾರೆ, ನಿಜವಾದ ಕೂಗನ್ನೂ ನಗುತ್ತಾ ಕೇಳುತ್ತಾರೆ. ನನ್ನ ಮೊಮ್ಮಗ ಕುಳಿತುಬಿಟ್ಟಾಗ ಹಿಂದಿದ್ದವರು ನಕ್ಕದ್ದೂ ಅದಕ್ಕೇ, ಅವರು ಕೆಟ್ಟವರೆಂದಲ್ಲ.

ಇದು ದೊಡ್ಡ ಪಾರ್ಕ್‌ಗಳಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಹುಬ್ಬಳ್ಳಿಯಲ್ಲಿ ಬೇಸಿಗೆಯ ವಸ್ತುಪ್ರದರ್ಶನ ಬಂದರೆ ತೊಟ್ಟಿಲು, ಮರಣ ಬಾವಿಗಳ ಪಕ್ಕದಲ್ಲಿ ತಗಡು, ಪ್ಲೈವುಡ್‌ಗಳಿಂದ ಕಟ್ಟಿದ ಒಂದು ದೆವ್ವದ ಮನೆ ಇದ್ದೇ ಇರುತ್ತದೆ. ಗದಗ, ಹಾವೇರಿಯ ಜಾತ್ರೆಗಳಲ್ಲಿಯೂ ಇರುತ್ತದೆ. ಇಂಥವು ನಾಲ್ಕು ದಿನಕ್ಕೆ ಎದ್ದು ಐದನೆಯ ದಿನ ಬಿಚ್ಚಿಹೋಗುವಂಥವು, ಆದ್ದರಿಂದಲೇ ಯಾರೂ ಅವುಗಳ ಬಾಗಿಲು ಎಣಿಸುವುದಿಲ್ಲ. ಮಹಾನಗರ ಪಾಲಿಕೆಯಾಗಲಿ, ಪುರಸಭೆಯಾಗಲಿ, ಜಾತ್ರಾ ಸಮಿತಿಯಾಗಲಿ ಜಾಗದ ಬಾಡಿಗೆ ಪಡೆಯುವ ಮೊದಲು ಅಗ್ನಿಶಾಮಕ ಠಾಣೆಯ ಒಬ್ಬ ಅಧಿಕಾರಿಯನ್ನು ಕರೆಸಿ, ದೀಪ ಆರಿಸಿ, ಒಳಗೆ ನಡೆಸಿ, ಪ್ರತಿ ಕೋಣೆಯಿಂದ ನೇರವಾಗಿ ಹೊರಗೆ ಬರಲು ಆಗುತ್ತದೆಯೇ ಎಂದು ನೋಡಿಸಬೇಕು. ವಿದ್ಯುತ್ ಹೋದರೂ ಉರಿಯುವ ದಾರಿದೀಪ ಇದೆಯೇ, ಗೋಡೆಯ ಬಟ್ಟೆ ಬೆಂಕಿ ಹಿಡಿಯುವಂಥದ್ದೇ ಎಂದು ಕೇಳಬೇಕು. ಅರ್ಧ ಗಂಟೆಯ ಕೆಲಸವಿದು.

ಪಾರ್ಕ್‌ಗಳವರಲ್ಲಿ ನಾನು ಕೇಳುವುದೂ ದೊಡ್ಡದೇನಲ್ಲ. ಎತ್ತರ ಅಳೆಯುವ ಹಲಗೆಯ ಬಳಿ ನಿಲ್ಲಿಸಿದ ಆ ಹುಡುಗಿಯಂಥ ಒಬ್ಬರನ್ನು ದೆವ್ವದ ಮನೆಯ ಬಾಗಿಲಲ್ಲೂ ನಿಲ್ಲಿಸಲಿ, ವಯಸ್ಸಿನ ಮಿತಿಯನ್ನು ಸಾಲಿನ ತುದಿಯಲ್ಲಿ ಅಲ್ಲ, ಟಿಕೆಟ್ ಕೌಂಟರಿನಲ್ಲೇ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಲಿ. ಒಳಗೆ ಸಾಕು ಎನಿಸಿದವರು ಯಾವ ಮಾತು ಕೂಗಬೇಕು, ಕೂಗಿದರೆ ಯಾರು ಬರುತ್ತಾರೆ ಎಂಬುದನ್ನು ಹೋಗುವ ಮೊದಲೇ ಹೇಳಲಿ. ಚಿಕ್ಕವರಿಗಾಗಿ ಮಧ್ಯಾಹ್ನದಲ್ಲಿ ಒಂದು ತಾಸು ಪೂರ್ತಿ ದೀಪ ಹಾಕಿ ಅದೇ ಮನೆಯನ್ನು ತೋರಿಸಬಹುದು. ಮುಖವಾಡ ಮುಟ್ಟಿ ನೋಡಿದ ಮೇಲೆಯೇ ನನ್ನ ಮೊಮ್ಮಗನಿಗೆ ಮಾತು ಬಂದದ್ದು. ಮುಖವಾಡ ತೊಟ್ಟು ತಾಸುಗಟ್ಟಲೆ ನಿಲ್ಲುವ ಹುಡುಗರಿಗೆ ನೀರು, ಬಿಡುವು ಸಿಗಲಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ರೂಪಿಸಿದ ಉತ್ಸವ ರಾಕ್ ಗಾರ್ಡನ್‌ಗೆ ನಾನು ಶಾಲೆಯ ಮಕ್ಕಳನ್ನು ಕರೆದೊಯ್ದಿದ್ದೇನೆ. ನಿಜವಾದ ಜನರೇ ನಿಂತಂತೆ ಕಾಣುವ ಆ ಪ್ರತಿಮೆಗಳ ಮುಂದೆ ಮಕ್ಕಳು ಮೊದಲು ಬೆಚ್ಚಿ, ಆಮೇಲೆ ಹತ್ತಿರ ಹೋಗಿ ಮೀಸೆ ಮುಟ್ಟಿ ಬರುತ್ತಾರೆ. ಮಕ್ಕಳಿಗೆ ಅಷ್ಟು ಬಯಲು, ಅಷ್ಟು ಬೆಳಕು ಸಾಕಾಗುತ್ತದೆ.

ನಾವು ಹೋಗಿದ್ದ ಪಾರ್ಕ್‌ನ ಆಡಳಿತಕ್ಕೆ ಇದೇ ವಿಷಯವಾಗಿ ಎರಡು ಸಲ ಬರೆದಿದ್ದೇನೆ, ಉತ್ತರ ಬಂದಿಲ್ಲ. ಈ ವರ್ಷವೂ ಹೋಗಬೇಕೆಂದು ಮೊಮ್ಮಗಳು ಹಟ ಹಿಡಿದಿದ್ದಾಳೆ, ಕಳುಹಿಸುತ್ತೇವೆ. ನಮ್ಮ ಭಾಗದಿಂದ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ರಾತ್ರಿ ಬಸ್ಸು ಹತ್ತುವ ತಂದೆತಾಯಂದಿರು, ಅಜ್ಜ ಅಜ್ಜಿಯರು ದಯಮಾಡಿ ಮುಂಗೈಗೆ ಪಟ್ಟಿ ಕಟ್ಟಿಸಿಕೊಳ್ಳುವ ಮುಂಚೆ ಕೌಂಟರಿನಲ್ಲಿ ಕೇಳಬೇಕು: ಎಷ್ಟು ವರ್ಷದವರನ್ನು ಒಳಗೆ ಬಿಡುತ್ತೀರಿ, ನಡುವೆ ಹೊರಗೆ ಬರುವ ಬಾಗಿಲು ಎಲ್ಲಿದೆ. ಅವರಿಗೆ ಉತ್ತರ ಗೊತ್ತಿಲ್ಲದಿದ್ದರೆ ಮಗುವಿನ ಜೊತೆ ಒಬ್ಬರು ಹೊರಗೇ ಉಳಿಯಿರಿ.

ಇತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ
ಮಾಳಮಡ್ಡಿ, ಧಾರವಾಡ