ಜೆರಾಕ್ಸ್ ಅಂಗಡಿಯವರನ್ನು ಬೆದರಿಸಬೇಡಿ

ಮಾನ್ಯರೇ,

ನಮ್ಮ ಕಾಲೇಜಿನ ಗೇಟಿನೆದುರಿನ ಜೆರಾಕ್ಸ್ ಅಂಗಡಿ ಕಳೆದ ವಾರ ನಾಲ್ಕು ದಿನ ಬಾಗಿಲು ಹಾಕಿತ್ತು. ಪ್ರಕಾಶನ ಸಂಸ್ಥೆಯೊಂದರ ಕಡೆಯವರೆಂದು ಹೇಳಿಕೊಂಡ ಇಬ್ಬರು ಬಂದು, ಕೌಂಟರಿನ ಮೇಲಿದ್ದ 38 ಪುಟಗಳ ಕಟ್ಟೊಂದನ್ನು ಎತ್ತಿ ಹಿಡಿದು, ‘ಮೂರು ವರ್ಷ ಜೈಲು, ಎರಡು ಲಕ್ಷ ದಂಡ’ ಎಂದು ಹೆದರಿಸಿ, ರಾಜಿಗೆ ಹಣ ಕೇಳಿ ಹೋದರು. ಅಂಗಡಿ ನಡೆಸುವಾಕೆ ಸ್ವಸಹಾಯ ಸಂಘದ ಸಾಲದಿಂದ ಯಂತ್ರ ಕೊಂಡವರು.

ಆ ಕಟ್ಟನ್ನು ಅಲ್ಲಿಟ್ಟವನು ನಾನು. ಪಠ್ಯಕ್ರಮದಲ್ಲಿ ಸೂಚಿಸಿರುವ ಇತಿಹಾಸ ಗ್ರಂಥವೊಂದರ ಒಂದು ಅಧ್ಯಾಯ ಅದು. ಗ್ರಂಥದ ಪ್ರತಿಗಳು ಮುಗಿದು ವರ್ಷಗಳಾಗಿವೆ, ಮರುಮುದ್ರಣವಿಲ್ಲ. ನಮ್ಮ ಗ್ರಂಥಾಲಯದಲ್ಲಿರುವ ಒಂದೇ ಪ್ರತಿಯ ಬೆನ್ನು ಕಿತ್ತುಹೋಗಿ, ದಬ್ಬಣದಿಂದ ಹೊಲಿದು ಇಟ್ಟಿದ್ದೇವೆ. ತರಗತಿಯಲ್ಲಿರುವವರು 62 ಮಂದಿ.

ಬಂದವರು ಹೇಳಿದ ಶಿಕ್ಷೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್‌ನಲ್ಲಿದೆ, ನಿಜ. ಆದರೆ ಪಾಠದ ಸಲುವಾಗಿ ಅಧ್ಯಾಪಕರೋ ವಿದ್ಯಾರ್ಥಿಯೋ ಮಾಡಿಕೊಂಡ ಪ್ರತಿ ಉಲ್ಲಂಘನೆಯಲ್ಲ ಎಂದು ಅದೇ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ. ಇದು ನನ್ನ ಸ್ವಂತ ವ್ಯಾಖ್ಯಾನವಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುದ್ರಣಾಲಯಗಳು ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಸಂಸ್ಥೆ ಸೇರಿ 2012ರಲ್ಲಿ ದೆಹಲಿ ವಿಶ್ವವಿದ್ಯಾಲಯ ಮತ್ತು ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿದ್ದವು. ತಡೆಯಾಜ್ಞೆಯಿಂದ ಆ ಅಂಗಡಿಯಲ್ಲಿ ಪಠ್ಯಸಂಪುಟ, ಅಂದರೆ ಪಾಠಕ್ಕೆ ಬೇಕಾದ ಪುಸ್ತಕಗಳ ಆಯ್ದ ಪುಟಗಳ ಕಟ್ಟು, ಮಾಡುವ ಕೆಲಸ ವರ್ಷಗಟ್ಟಲೆ ನಿಂತಿತು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ದಾವೆಯನ್ನು ವಜಾ ಮಾಡಿತು. ಡಿಸೆಂಬರ್‌ನಲ್ಲಿ ಮೇಲ್ಮನವಿ ಕೇಳಿದ ವಿಭಾಗೀಯ ಪೀಠ ದಾವೆಯನ್ನು ಸೀಮಿತ ವಿಚಾರಣೆಗೆ ಮರಳಿ ಕಳಿಸಿತಾದರೂ, ಎಷ್ಟು ಪುಟ ಎಂಬುದು ಅಳತೆಗೋಲಲ್ಲ, ಪಾಠಕ್ಕೆ ಎಷ್ಟು ಅಗತ್ಯವೋ ಅದೇ ಮಿತಿ ಎಂದಿತು. ಮರುವರ್ಷ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಸುಪ್ರೀಂ ಕೋರ್ಟ್ ಸಹ ಮಧ್ಯಪ್ರವೇಶಿಸಲು ಒಪ್ಪಲಿಲ್ಲ.

ನಮ್ಮೂರಿಗೆ ಬಂದವರು ದೂರು ಕೊಡಲಿಲ್ಲ, ನೋಟಿಸ್ ಕಳಿಸಲಿಲ್ಲ. ಪುಟಗಳನ್ನು ಕೊಟ್ಟ ನನ್ನನ್ನೂ ಕೇಳಲಿಲ್ಲ, ಕಾಲೇಜನ್ನೂ ಕೇಳಲಿಲ್ಲ. ಕೌಂಟರಿನ ಹಿಂದೆ ಒಬ್ಬಳೇ ನಿಂತಿದ್ದ ಹೆಣ್ಣುಮಗಳನ್ನು ಹಿಡಿದರು. ಹುರುಳಿಲ್ಲದ ಬೆದರಿಕೆಯ ವಿರುದ್ಧ ಕೋರ್ಟಿಗೆ ಹೋಗಲು 60ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಪುಟದ ಲೆಕ್ಕದಲ್ಲಿ ರೂಪಾಯಿ ಎಣಿಸುವವರು ವಕೀಲರ ಶುಲ್ಕವನ್ನು ಎಲ್ಲಿಂದ ತರಬೇಕು?

ಹೊಸ ಕಾದಂಬರಿಯನ್ನು ಕದ್ದು ಮುದ್ರಿಸಿ ಪಾದಚಾರಿ ಮಾರ್ಗದಲ್ಲಿ ಮಾರುವುದು, ಬಿಡುಗಡೆಯಾದ ವಾರದಲ್ಲೇ ಪಿಡಿಎಫ್ ಮಾಡಿ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದು ಕಳ್ಳತನವೇ. ಸಾವಿರ ಪ್ರತಿ ಮಾರಲು ಒದ್ದಾಡುವ ಕನ್ನಡ ಪ್ರಕಾಶಕರ ಹೊಟ್ಟೆಯ ಮೇಲೆ ಹೊಡೆಯುವವರನ್ನು ಹಿಡಿಯಲಿ, ಅದಕ್ಕೆ ನಾನೂ ಸಾಕ್ಷಿ ಹೇಳುತ್ತೇನೆ. ಆ ದಂಧೆಗೂ ತರಗತಿಯ ಒಂದು ಅಧ್ಯಾಯಕ್ಕೂ ಒಂದೇ ಕೋಲು ಬೀಸುವುದು ಅನ್ಯಾಯ.

ಕಾಲೇಜು ಶಿಕ್ಷಣ ಇಲಾಖೆ 52ನೇ ಸೆಕ್ಷನ್‌ನ ಸಾರವನ್ನು ಕನ್ನಡದಲ್ಲಿ ಒಂದು ಪುಟದ ಸುತ್ತೋಲೆಯಾಗಿ ಹೊರಡಿಸಲಿ. ಅದನ್ನು ಅಂಗಡಿಯ ಗೋಡೆಗೆ ಅಂಟಿಸುವ ಕೆಲಸ ನನ್ನದು. ತರಗತಿಗಾಗಿ ಪ್ರತಿ ಮಾಡಿಸುವಾಗ ಅಧ್ಯಾಪಕರೂ ಮೊದಲ ಪುಟದಲ್ಲಿ ಸಹಿ ಹಾಕಿ ಹೊಣೆ ಹೊರಬೇಕು.

ಅಂಗಡಿ ಸೋಮವಾರ ತೆರೆಯಿತು. ಆದರೆ ಈಗ ಅಲ್ಲಿ ಆಧಾರ್ ಕಾರ್ಡ್, ಅಂಕಪಟ್ಟಿ ಮಾತ್ರ ಜೆರಾಕ್ಸ್ ಆಗುತ್ತವೆ. ಪುಸ್ತಕ ಕಂಡರೆ ಆಕೆ ಕೈ ಹಿಂದೆಗೆಯುತ್ತಾರೆ. ಪರೀಕ್ಷೆಗೆ ಉಳಿದಿರುವುದು ಐದು ವಾರ.

– ಇತಿಹಾಸ ಉಪನ್ಯಾಸಕ, ಹಾವೇರಿ ಜಿಲ್ಲೆ