ತಾರೆಯರ ಮೆಚ್ಚುಗೆ ಸರಿ, ಕಥೆಯ ಮಾತೂ ಬರಲಿ

ಸಂಪಾದಕರೇ,

‘ಸೆವೆರೆನ್ಸ್’ ಅನ್ನುವ ಇಂಗ್ಲಿಷ್ ಧಾರಾವಾಹಿ ಬಗ್ಗೆ ಬರುವ ಸುದ್ದಿಗಳಲ್ಲಿ ಯಾವ ತಾರೆ ಅದರ ಅಭಿಮಾನಿ ಅನ್ನೋದೇ ಜಾಸ್ತಿ. ಹೆಸರಾದವರು ಮೆಚ್ಚಿದರೆ ಇನ್ನಷ್ಟು ಜನ ನೋಡುತ್ತಾರೆ, ಒಳ್ಳೆಯದೇ. ಆದರೆ ಕಥೆ ಎತ್ತುವ ಪ್ರಶ್ನೆ ಎಲ್ಲಿ ಹೋಯಿತು?

2022ರಲ್ಲಿ ಶುರುವಾದ ಈ ಕಥೆಯಲ್ಲಿ ಉದ್ಯೋಗಿಗಳ ಮಿದುಳಿಗೆ ಚಿಪ್ ಹಾಕುತ್ತಾರೆ, ಲಿಫ್ಟಿನಲ್ಲಿ ಕೆಳಗಿನ ಕಚೇರಿಗೆ ಇಳಿದರೆ ಹೊರಗಿನ ಬದುಕು ಮರೆತುಹೋಗುತ್ತದೆ, ಮೇಲೆ ಬಂದರೆ ಕಚೇರಿಯೇ ನೆನಪಿರುವುದಿಲ್ಲ. ನಟ ಆಡಂ ಸ್ಕಾಟ್ ಮಾಡಿರುವ ಮಾರ್ಕ್ ಎಂಬ ಪಾತ್ರ ಇದಕ್ಕೆ ಒಪ್ಪುವುದು, ಹೆಂಡತಿಯನ್ನು ಕಳೆದುಕೊಂಡ ದುಃಖ ದಿನಕ್ಕೆ ಎಂಟು ಗಂಟೆಯಾದರೂ ಕಾಡದಿರಲಿ ಅಂತ.

ನನ್ನನ್ನು ಅಲ್ಲಾಡಿಸಿದ್ದು ಅದೇ ಕಚೇರಿಯ ಉದ್ಯೋಗಿ ಹೆಲ್ಲಿ. ಕಚೇರಿಯೊಳಗಿನ ಹೆಲ್ಲಿ ಕೆಲಸ ಬಿಡಿಸು ಅಂತ ಬೇಡುತ್ತಾಳೆ. ಹೊರಗಿನ ಹೆಲ್ಲಿ ವಿಡಿಯೊದಲ್ಲಿ, ನೀನು ಮನುಷ್ಯಳೇ ಅಲ್ಲ, ತೀರ್ಮಾನ ನನ್ನದು ಅಂದುಬಿಡುತ್ತಾಳೆ. ದೇಹ ಒಂದೇ, ಆದರೂ ಒಬ್ಬಳ ಸುಖಕ್ಕೆ ಇನ್ನೊಬ್ಬಳು ನರಳಬೇಕು. ಇದು ಅನ್ಯಾಯ ಅಲ್ವಾ? ಈ ಪಾತ್ರಕ್ಕೆ ನಟಿ ಬ್ರಿಟ್ ಲೋವರ್‌ಗೆ 2025ರಲ್ಲಿ ಅಮೆರಿಕದ ಟಿ.ವಿ. ಪ್ರಶಸ್ತಿ ಎಮ್ಮಿ ಸಿಕ್ಕಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ನೆನಪಿಲ್ಲದವರೂ ಪೂರ್ತಿ ಮನುಷ್ಯರೇ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಗಳಿಗೆ ಈ ಮಾತು ಬೇಕು. ನರರೋಗ ತಜ್ಞರಿಂದ, ಹಾಗೆ ನೋಡಿಕೊಳ್ಳುವವರಿಂದ ಒಂದು ಲೇಖನ ಬರೆಸಿ, ತಾರೆಯರ ಸುದ್ದಿಯ ಪಕ್ಕದಲ್ಲೇ ಹಾಕಿ.

– ಒಬ್ಬ ಓದುಗ