ಅರ್ಜಿಯಲ್ಲಿ ಬರೆಯದ ಗಂಟೆಗಳು

ಮೊನ್ನೆ ಮೇಲ್ ಬಂತು. ಪಾಸಾಗಿದ್ದೇನೆ. ಇನ್ನು ಮೇಲೆ ನನ್ನ ಹೆಸರಿನ ಮುಂದೆ ಎನ್‌ಸಿಎಸ್ ಅಂತ ಮೂರಕ್ಷರ ಹಾಕಿಕೊಳ್ಳಬಹುದು. ನ್ಯೂರಾಲಜಿಕ್ ಕ್ಲಿನಿಕಲ್ ಸ್ಪೆಷಲಿಸ್ಟ್ ಅಂತ ಅದರ ಪೂರ್ತಿ ಹೆಸರು. ಲಕ್ವಾ ಹೊಡೆದವರು, ಬೆನ್ನುಹುರಿಗೆ ಪೆಟ್ಟಾದವರು, ಪಾರ್ಕಿನ್ಸನ್ ಬಂದವರು, ಇಂಥವರನ್ನು ಮತ್ತೆ ಕೂರಿಸುವ, ನಿಲ್ಲಿಸುವ, ನಡೆಸುವ ಕೆಲಸದಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್‌ಗಳಿಗೆ ಅಮೆರಿಕದಲ್ಲಿ ಕೊಡುವ ಗುರುತು ಇದು.

ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ ಕೂಡಲೇ ಹೂವು, ಹಾರ, ಪಟಾಕಿ ಎಲ್ಲ ಬಂದವು. ಚಿಕ್ಕಪ್ಪ ಮಾತ್ರ ಕೇಳಿದರು: "ಮಸಾಜ್‌ಗೂ ಪರೀಕ್ಷೆ ಇರುತ್ತೇನಮ್ಮಾ?" ಹದಿನಾರು ವರ್ಷದಿಂದ ಅವರಿಗೆ ಉತ್ತರ ಕೊಡುತ್ತಲೇ ಇದ್ದೇನೆ. ಈ ಸಲ ಸುಮ್ಮನೆ ನಗುವ ಮುಖ ಕಳಿಸಿದೆ.

ಹೌದು ಚಿಕ್ಕಪ್ಪ, ಪರೀಕ್ಷೆ ಇರುತ್ತೆ. ಅಮೆರಿಕದ ಫಿಸಿಯೋಥೆರಪಿ ಸಂಘ 1978ರಲ್ಲಿ ಇದಕ್ಕೆಂದೇ ಒಂದು ಮಂಡಳಿ ಮಾಡಿತು. ನರರೋಗದ ವಿಭಾಗದಲ್ಲಿ ಮೊದಲ ಸ್ಪೆಷಲಿಸ್ಟ್‌ಗಳು ಬಂದಿದ್ದು 1987ರಲ್ಲಿ. ಸುಮಾರು 200 ಪ್ರಶ್ನೆ. ಆದರೆ ಪರೀಕ್ಷೆಗೆ ಕೂರುವ ಮುಂಚೆಯೇ ಒಂದು ಲೆಕ್ಕ ಕೊಡಬೇಕು. ಹತ್ತು ವರ್ಷದೊಳಗೆ ಇಂಥ ರೋಗಿಗಳ ಜೊತೆ ನೇರವಾಗಿ 2000 ಗಂಟೆ ಕೆಲಸ ಮಾಡಿರಬೇಕು. ಅದರಲ್ಲಿ ಕಾಲು ಭಾಗ, ಅಂದರೆ 500 ಗಂಟೆ, ಕಳೆದ ಮೂರು ವರ್ಷದ್ದೇ ಆಗಿರಬೇಕು.

ಆ ಅರ್ಜಿ ತುಂಬುತ್ತಾ ಕೂತಾಗಲೇ ಈ ಬರಹ ತಲೆಯಲ್ಲಿ ಹುಟ್ಟಿದ್ದು. ನನ್ನ ಗಂಟೆಗಳನ್ನು ಬರೆಯಲು ಅಲ್ಲಿ ಜಾಗ ಇತ್ತು. ಬೇರೆಯವರ ಗಂಟೆಗಳಿಗೆ ಇರಲಿಲ್ಲ.

ಮೊದಲನೆಯದಾಗಿ ಒಬ್ಬ ಆಯಾ. ದಾವಣಗೆರೆಯಲ್ಲಿ ಬಿಪಿಟಿ, ಅಂದರೆ ಫಿಸಿಯೋಥೆರಪಿ ಪದವಿಯ ಓದು ಮುಗಿಸಿ ಆರು ತಿಂಗಳ ಇಂಟರ್ನ್‌ಶಿಪ್‌ನಲ್ಲಿದ್ದೆ. ವಾರ್ಡಿನಲ್ಲಿ ಸ್ಟ್ರೋಕ್ ಆದ ಒಬ್ಬರನ್ನು ಮಂಚದಿಂದ ಕುರ್ಚಿಗೆ ಕೂರಿಸಬೇಕಿತ್ತು. ನಾನು ಅವರ ಸೋತ ಕೈ ಹಿಡಿದು ಎಳೆಯಲು ಹೋದೆ. ನೆಲ ಒರೆಸುತ್ತಿದ್ದ ಆಯಾ ಕೋಲು ಬಿಟ್ಟು ಓಡಿ ಬಂದರು. "ಏ ಹುಡುಗಿ, ಕೈ ಎಳೀಬ್ಯಾಡವ್ವ, ಕಿತ್ತು ಬರತೈತಿ. ಸೊಂಟಕ್ಕೆ ಕೈ ಹಾಕು." ಅಂದವರೇ ತಾವೇ ಮುಂದೆ ನಿಂತು, ರೋಗಿಯ ಮೊಣಕಾಲಿಗೆ ತಮ್ಮ ಮೊಣಕಾಲು ಒತ್ತಿ, ಮುಂದಕ್ಕೆ ಬಾಗಿಸಿ, ಒಂದೇ ಸಲಕ್ಕೆ ತಿರುಗಿಸಿ ಕೂರಿಸಿದರು. ಸೋತ ಭುಜದಲ್ಲಿ ಕೀಲನ್ನು ಹಿಡಿದಿಡುವ ಸ್ನಾಯುಗಳೇ ಮಲಗಿರುತ್ತವೆ, ಎಳೆದರೆ ಕೀಲು ಜಾರುತ್ತೆ ಅಂತ ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದೆ, ಅಷ್ಟೇ. ಅವರ ಹೆಸರು ಕೂಡ ಕೇಳಲಿಲ್ಲ ಆವತ್ತು. ಎಲ್ಲರೂ ಆಯಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಎರಡನೆಯವರ ಕಥೆ ಹೇಳಲು ಸ್ವಲ್ಪ ನಾಚಿಕೆಯೇ ಆಗುತ್ತೆ.

ಹರಿಹರದ ಹತ್ತಿರ ಒಂದು ಹಳ್ಳಿ. ಒಬ್ಬ ಅಜ್ಜ, ಬಲಗಡೆ ಲಕ್ವಾ. ವಾರಕ್ಕೆರಡು ಸಲ ಬಸ್ಸು ಹತ್ತಿ ಅವರ ಮನೆಗೆ ಹೋಗುತ್ತಿದ್ದೆ. ಹೊಸ ಉತ್ಸಾಹ. ಎಲ್ಲೆಡೆ ನೋಡಿದ್ದನ್ನೇ ನಾನೂ ಮಾಡಿಸಿದೆ. ಜಂತಿಗೆ ಒಂದು ರಾಟೆ ಕಟ್ಟಿಸಿ, ಹಗ್ಗ ಇಳಿಬಿಟ್ಟು, ಒಳ್ಳೇ ಕೈಯಿಂದ ಎಳೆದು ಸೋತ ಕೈಯನ್ನು ಮೇಲೆತ್ತಿ ಅಂದೆ. ಜೊತೆಗೆ ಹಿಸುಕಲು ಒಂದು ಹಳದಿ ಸ್ಮೈಲಿ ಬಾಲ್. ಲಕ್ವಾ ಬಂದ ಮನೆಯಲ್ಲಿ ಈ ಎರಡು ಇಲ್ಲದಿದ್ದರೆ ಚಿಕಿತ್ಸೆಯೇ ನಡೆದಿಲ್ಲ ಅಂತ ಲೆಕ್ಕ, ಅಲ್ವಾ?

ಎರಡು ವಾರಕ್ಕೆ ಅಜ್ಜನಿಗೆ ಭುಜದ ನೋವು ಶುರುವಾಯಿತು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಸೊಸೆ ಹೇಳಿದಳು, "ಮೇಡಂ, ಇದನ್ನ ಕಟ್ಟಿದ ಮ್ಯಾಲೇನೇ ಮಾವಾರಿಗೆ ನೋವು ಜಾಸ್ತಿ ಆಗಿರೋದು." ನಾನು ಏನು ಹೇಳಿದೆ ಗೊತ್ತಾ? "ಅಭ್ಯಾಸ ಆಗುತ್ತೆ, ಬಿಡಬೇಡಿ."

ಮುಂದಿನ ಸಲ ಹೋದಾಗ ರಾಟೆ ಬಾವಿಕಟ್ಟೆ ಸೇರಿತ್ತು. ಅಜ್ಜ ಅಡುಗೆಮನೆ ಬಾಗಿಲಲ್ಲಿ ಕೂತಿದ್ದರು. ಮುಂದೆ ಒಂದು ಮಣೆ, ಮಣೆ ಮೇಲೆ ಒಂದು ಮೊರ ಶೇಂಗಾ. ಸೋತ ಕೈಯ ಬೆರಳುಗಳ ನಡುವೆ ಕಾಯಿ ಸಿಕ್ಕಿಸಿ ಹಿಡಿಯುವುದು, ಒಳ್ಳೇ ಕೈಯಿಂದ ಒಡೆಯುವುದು, ಆಮೇಲೆ ಸೋತ ಕೈಯ ಬೆರಳು ಬಿಚ್ಚಿ ಸಿಪ್ಪೆಯನ್ನು ಬುಟ್ಟಿಗೆ ಬಿಡುವುದು. ಬಿಡುವುದೇ ಕಷ್ಟ. ಬೈದುಕೊಳ್ಳುತ್ತಿದ್ದರು, ಆದರೆ ಬಿಡುತ್ತಿದ್ದರು. ಸೊಸೆ ರೊಟ್ಟಿ ತಟ್ಟುತ್ತಾ ತಿರುಗಿ ನೋಡದೆಯೇ ಅಂದಳು, "ಸುಮ್ನೆ ಕೂತು ಚೆಂಡು ಹಿಸುಕಿದ್ರೆ ಮುಷ್ಟಿ ಇನ್ನೂ ಗಟ್ಟಿ ಆಗ್ತಿತ್ತು ಮೇಡಂ. ಬಿಚ್ಚೋಕೇ ಬರ್ತಿರಲಿಲ್ಲ."

ಅವಳು ಓದಿದ್ದು ಏಳನೇ ಕ್ಲಾಸು. ಹೇಳಿದ್ದು ಎರಡೂ ಸರಿ. ಕೈ ಮೇಲೇರುವಾಗ ಹೆಗಲೆಲುಬು ಕೂಡ ಜೊತೆಗೆ ತಿರುಗಬೇಕು. ಲಕ್ವಾದಲ್ಲಿ ಅದು ತಿರುಗುವುದಿಲ್ಲ. ಹಗ್ಗ ಎಳೆದರೆ ನಡುವಿನ ಮಾಂಸ ಸಿಕ್ಕಿಹಾಕಿಕೊಂಡು ನುಜ್ಜಾಗುತ್ತೆ. ತಲೆಯ ಮೇಲಿನ ರಾಟೆ ಬಳಸಬೇಡಿ ಅಂತ ಸ್ಟ್ರೋಕ್ ಮಾರ್ಗಸೂಚಿಗಳಲ್ಲೇ ಇದೆ. ಇನ್ನು ಬೆರಳು ಬಿಗಿಯಾಗಿ ಮಡಚಿಕೊಂಡವರಿಗೆ ಹಿಸುಕುವುದು ಸುಲಭ, ಬಿಚ್ಚುವುದೇ ಆಗಬೇಕಾದ ಕೆಲಸ.

ಆ ಮೊರ ನೆನಪಾಗುವುದಕ್ಕೆ ಇನ್ನೊಂದು ಕಾರಣ ಇದೆ. ಪರೀಕ್ಷೆಗೆ ಓದುವಾಗ ಕ್ಯಾಥರಿನ್ ಲ್ಯಾಂಗ್ ಮತ್ತು ಜೊತೆಗಾರರು 2009ರಲ್ಲಿ ಬರೆದ ಒಂದು ಅಧ್ಯಯನ ಸಿಕ್ಕಿತು. ಸ್ಟ್ರೋಕ್ ಆದವರ ಥೆರಪಿಯನ್ನು ಪಕ್ಕದಲ್ಲಿ ಕೂತು ಎಣಿಸಿದ್ದರು. ಕೈಗೆ ಉಪಯೋಗದ ಕೆಲಸ ಕೊಟ್ಟ ಒಂದು ಸಲದ ಥೆರಪಿಯಲ್ಲಿ ರೋಗಿ ಅದನ್ನು ಮಾಡಿದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಮೆದುಳು ಹೊಸ ದಾರಿ ಮಾಡಿಕೊಳ್ಳಲು ದಿನಕ್ಕೆ ನೂರಾರು ಸಲ ಮಾಡಿಸುತ್ತಾರೆ. ನಾವು ಮಾಡಿಸುವುದು 32. ಒಂದು ಮೊರ ಶೇಂಗಾದಲ್ಲಿ ಎಷ್ಟು ಕಾಯಿ ಇರುತ್ತೆ, ನೀವೇ ಹೇಳಿ. ಓದುವುದು ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ನಮ್ಮ ಊರಲ್ಲಿ ಈ ಕೆಲಸಕ್ಕೆ ಮರ್ಯಾದೆ ಸಿಗಲು ಹೊಡೆದಾಡಿದ ಹಿರಿಯರಿಗೂ ಇಲ್ಲೇ ಕೈಮುಗಿಯುತ್ತೇನೆ. ನಾನು ಸೇರಿದ ಮೊದಲ ಆಸ್ಪತ್ರೆಯಲ್ಲಿ ಫಿಸಿಯೋ ವಿಭಾಗ ಅಂದರೆ ಲಿಫ್ಟ್ ಪಕ್ಕದ ಸ್ಟೋರ್ ರೂಮು. ಕೇಸ್ ಶೀಟಿನಲ್ಲಿ ನಾವು ಬರೆಯುವ ಹಾಗೂ ಇರಲಿಲ್ಲ. ಭಾರತದ ಫಿಸಿಯೋಥೆರಪಿಸ್ಟ್‌ಗಳ ಸಂಘ ಹುಟ್ಟಿದ್ದು 1955ರಲ್ಲಿ. ಈ ವೃತ್ತಿಯ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ಕಾನೂನು ಬಂದಿದ್ದು 2021ರಲ್ಲಿ. ನಡುವೆ ಎಷ್ಟು ವರ್ಷ ಅಂತ ಎಣಿಸಿಕೊಳ್ಳಿ. ಅಷ್ಟು ಕಾಲ ಅರ್ಜಿ ಹಿಡಿದು ದೆಹಲಿಗೆ ಅಲೆದವರು ಯಾರ ವಾಟ್ಸಾಪ್ ಗ್ರೂಪಿನಲ್ಲೂ ಪಟಾಕಿ ಹೊಡೆಸಿಕೊಳ್ಳಲಿಲ್ಲ.

ಅಮೆರಿಕಕ್ಕೆ ಬಂದ ಮೇಲಿನ ಪರದಾಟ ಎಲ್ಲರಿಗೂ ಗೊತ್ತಿರುವುದೇ. ವೀಸಾದಿಂದಾಗಿ ಕೆಲಸವಿಲ್ಲದೆ ಕೂತ ವರ್ಷಗಳು, ಇಲ್ಲಿಯ ಪದವಿಗೆ ನಮ್ಮದು ಸಮ ಅಂತ ತೋರಿಸಲು ಮತ್ತೆ ಓದಿದ ವಿಷಯಗಳು, ಲೈಸೆನ್ಸ್ ಪರೀಕ್ಷೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ. ಆ ದಿನಗಳಲ್ಲಿ ಪ್ರತಿ ಭಾನುವಾರ ಊಟಕ್ಕೆ ಕರೆದ ಎರಡು ಕನ್ನಡ ಮನೆಗಳಿವೆ. ನಿಮ್ಮ ಮನೆ ಬಿಸಿಬೇಳೆಬಾತ್ ಇನ್ನೂ ನೆನಪಿದೆ.

ಈಗ ಓಹಾಯೋದಲ್ಲಿ ರೋಗಿಗಳು ಉಳಿದುಕೊಂಡು ಚಿಕಿತ್ಸೆ ಪಡೆಯುವ ರಿಹ್ಯಾಬ್ ಆಸ್ಪತ್ರೆಯಲ್ಲಿ ಕೆಲಸ. ಇಲ್ಲಿ ಸಾಮಾನ್ಯವಾಗಿ ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ ಥೆರಪಿ. ನಡಿಗೆ, ಕೈಕೆಲಸ, ಮಾತು ಎಲ್ಲ ಸೇರಿ ಮೂರು ಗಂಟೆ. ಕೇಳಲು ಜಾಸ್ತಿ ಅನ್ನಿಸುತ್ತೆ. ಉಳಿದ ಇಪ್ಪತ್ತೊಂದು ಗಂಟೆ ಯಾರ ಜೊತೆ?

ಒಬ್ಬರು ಇದ್ದರು, ನಿವೃತ್ತ ಶಾಲಾ ಬಸ್ ಚಾಲಕರು. ಸ್ಟ್ರೋಕ್ ಆಗಿ ಎಡಗಡೆ ಸೋತಿತ್ತು. ಕೂರಿಸಿದರೆ ಒಳ್ಳೇ ಕೈಯಿಂದ ತಮ್ಮನ್ನು ತಾವೇ ಎಡಕ್ಕೆ ತಳ್ಳಿಕೊಂಡು ಬೀಳುತ್ತಿದ್ದರು. ನೀವು ತಡೆದು ನೆಟ್ಟಗೆ ಮಾಡಲು ಹೋದರೆ ಇನ್ನೂ ಜೋರಾಗಿ ತಳ್ಳುತ್ತಾರೆ. ಹಟವಲ್ಲ ಅದು. ನೆಟ್ಟಗೆ ಅಂದರೆ ಯಾವುದು ಅನ್ನುವ ಮೆದುಳಿನ ಅಂದಾಜೇ ವಾಲಿಬಿಟ್ಟಿರುತ್ತೆ. ನಾವು ನೆಟ್ಟಗೆ ಕೂರಿಸಿದರೆ ಅವರಿಗೆ ಬೀಳುತ್ತಿದ್ದೇನೆ ಅನ್ನಿಸುತ್ತೆ. ಆದರೆ ಕಣ್ಣು ಸುಳ್ಳು ಹೇಳುವುದಿಲ್ಲ. ಹಾಗಾಗಿ ಬಾಗಿಲ ಚೌಕಟ್ಟು ತೋರಿಸಿ, ಅದರ ಜೊತೆ ಮೈ ಹೊಂದಿಸಿಕೊಳ್ಳಿ ಅನ್ನುತ್ತೇವೆ. ನಾನು ಅವರ ಒಳ್ಳೇ ಕಡೆ ಕೂತು, ನಿಮ್ಮ ಭುಜ ನನ್ನ ಭುಜಕ್ಕೆ ತಾಗಿಸಿ ಅಂತ ಕರೆಯುತ್ತಿದ್ದೆ.

ಅವರ ಹೆಂಡತಿ ಇದನ್ನು ಒಂದೇ ದಿನ ನೋಡಿದರು. ಮರುದಿನ ಬಣ್ಣ ಬಳಿಯುವವರು ಬಳಸುವ ನೀಲಿ ಟೇಪು ತಂದು, ಮಂಚದ ಎದುರಿನ ಗೋಡೆಗೆ, ಬಚ್ಚಲಿಗೆ, ಟಿವಿಯ ಪಕ್ಕಕ್ಕೆ, ನೆಟ್ಟಗೆ ಅಂಟಿಸಿದರು. ಜೊತೆಗೊಂದು ಪುಟ್ಟ ನೋಟ್‌ಬುಕ್. ಕೂತಲ್ಲಿಂದ ಎದ್ದು ನಿಂತದ್ದು ಎಷ್ಟು ಸಲ ಅಂತ ಅದರಲ್ಲಿ ಲೆಕ್ಕ. "ಬೆಳಿಗ್ಗೆ 10. ಮಧ್ಯಾಹ್ನ 10. ಸಂಜೆ 7, ನನ್ನ ಮೇಲೆ ಸಿಟ್ಟು ಮಾಡಿಕೊಂಡರು." ಮರುದಿನ: "ಸಂಜೆ 12. ಕ್ಷಮೆ ಕೇಳಿದರು." ಡಿಸ್ಚಾರ್ಜ್ ದಿನ ಅವರು ವಾಕರ್ ಹಿಡಿದು ಹೊರಟಾಗ ಎಲ್ಲರೂ ನನ್ನ ಜೊತೆ ಫೋಟೋ ತೆಗೆಸಿಕೊಂಡರು. ತೆಗೆದದ್ದು ಆ ಹೆಂಡತಿ, ಹಾಗಾಗಿ ಒಂದು ಫೋಟೋದಲ್ಲೂ ಅವರಿಲ್ಲ.

ಜೊತೆಯಲ್ಲಿ ಕೆಲಸ ಮಾಡುವ ಆಕ್ಯುಪೇಷನಲ್ ಥೆರಪಿಸ್ಟ್ ಗೆಳತಿಗೆ, ನನ್ನ ಪಾಳಿ ಬದಲಿಸಿಕೊಟ್ಟವರಿಗೆ, ಮಾಸ್ಟರ್ಸ್ ಓದುವಾಗ ಒಂದಿಡೀ ದಿನ ನನ್ನ ಬಲಗೈ ಕಟ್ಟಿಹಾಕಿ "ಹೀಗೇ ಹಾಸ್ಟೆಲ್ ಊಟ ಮಾಡಿ ಬಾ" ಅಂದ ಮೇಷ್ಟರಿಗೆ, ಒಂಬತ್ತು ತಿಂಗಳು ರಾತ್ರಿ ಪಾತ್ರೆ ತೊಳೆದ ಗಂಡನಿಗೆ, "ಅಮ್ಮ ಇವತ್ತೂ ಓದ್ತೀಯಾ" ಅಂತ ಕೇಳಿ ಪಕ್ಕದಲ್ಲೇ ಬಣ್ಣ ಹಚ್ಚುತ್ತಾ ಕೂತ ಮಗಳಿಗೆ ಥ್ಯಾಂಕ್ಸ್.

ಕೊನೆಗೆ ನಮ್ಮ ಅತ್ತೆ. ನಾನು ಓದುತ್ತಿದ್ದಾಗ ಆರು ತಿಂಗಳು ಇಲ್ಲಿಗೆ ಬಂದಿದ್ದರು. ಅಡುಗೆ ಅವರದ್ದೇ. ಅದರ ಮೇಲೆ ನನ್ನ ಪ್ರಯೋಗಕ್ಕೂ ಸಿಕ್ಕಿಬಿದ್ದರು. ಬರ್ಗ್ ಬ್ಯಾಲೆನ್ಸ್ ಸ್ಕೇಲ್ ಅಂತ ಒಂದು ಪರೀಕ್ಷೆ ಇದೆ. 14 ಕೆಲಸ, ಒಂದೊಂದಕ್ಕೆ 4 ಅಂಕ, ಒಟ್ಟು 56. ಕೂತಲ್ಲಿಂದ ಏಳುವುದು, ಕಣ್ಣು ಮುಚ್ಚಿ ನಿಲ್ಲುವುದು, ನೆಲದಿಂದ ಚಪ್ಪಲಿ ಎತ್ತುವುದು, ಸುತ್ತು ತಿರುಗುವುದು. ಅತ್ತೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಎಲ್ಲ ಸಲೀಸಾಗಿ ಮಾಡಿದರು. ಒಂಟಿಕಾಲಲ್ಲಿ ಹತ್ತು ಸೆಕೆಂಡು ದಾಟಿ ನಿಲ್ಲಬೇಕು ಅಂದಾಗ ನಾಲ್ಕಕ್ಕೇ ಕಾಲು ಕೆಳಗಿಟ್ಟರು. ನಿಯಮದ ಪ್ರಕಾರ ಅದಕ್ಕೆ 2.

"54 ಬಂತು ಅತ್ತೆ. ತುಂಬಾ ಚೆನ್ನಾಗಿದೆ."

"ಇನ್ನೆರಡು ಎಲ್ಲಿ ಹೋತು?"

ಮರುದಿನದಿಂದ ಹಾಲು ಉಕ್ಕುವವರೆಗೆ ಅಡುಗೆಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲಲು ಶುರು ಮಾಡಿದರು. ನಾನು ಹೇಳಿರಲಿಲ್ಲ. ಊರಿಗೆ ಹೋದ ಮೇಲೂ ಬಿಟ್ಟಿಲ್ಲವಂತೆ. ಮೊನ್ನೆ ಪಾಸಾದ ಸುದ್ದಿ ಹೇಳಲು ವಿಡಿಯೋ ಕಾಲ್ ಮಾಡಿದೆ. "ಒಳ್ಳೇದಾತು ಬಿಡವ್ವ" ಅಂದರು. ಆಮೇಲೆ ಫೋನನ್ನು ಮಾವನ ಕೈಗೆ ಕೊಟ್ಟು, ಗೋಡೆಯಿಂದ ದೂರ ಬಂದು ನಿಂತು, ಕಾಲೆತ್ತಿ, "ಎಣಿಸು" ಅಂದರು.

ಹನ್ನೊಂದು.

"ಈಗ ಹಾಕು ಆ ಎರಡು ಮಾರ್ಕ್ಸು."